ದ್ರಾವಕ ಬಿಟ್ಟ ಮೇಲೆ ಕೈಗೆ ಬಂದ ಪಿಇಒ ಹಾಳೆ

ಪಿಇಒ ಎಂದರೆ ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್. ಲಿಥಿಯಂ ಲವಣ ಬೆರೆಸಿದ ಅದರ ಹಾಳೆ ಬ್ಯಾಟರಿಯಲ್ಲಿ ದ್ರವದ ಬದಲು ತಾನೇ ಲಿಥಿಯಂ ಅಯಾನುಗಳನ್ನು ಸಾಗಿಸುತ್ತದೆ. ಈ ಹಾಳೆಗೆ ದ್ರಾವಕವೇ ಬೇಡ, ಬಿಸಿಯಲ್ಲಿ ಒತ್ತಿದರೆ ಸಾಕು ಎಂದಾಗ ನಮ್ಮ ಪ್ರಯೋಗಾಲಯದಲ್ಲಿ ನಕ್ಕವರೇ ಹೆಚ್ಚು. 'ಪರೋಟ ಲಟ್ಟಿಸುತ್ತೀರಾ?' ಎಂದು ಹಿರಿಯರೊಬ್ಬರು ಕೇಳಿದ್ದರು. ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಪಿಇಒವನ್ನು ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಕರಗಿಸಿ ಟೆಫ್ಲಾನ್ ತಟ್ಟೆಗೆ ಸುರಿದು ಒಣಗಿಸುವ ಕೆಲಸವನ್ನು ಈ ಕ್ಷೇತ್ರದವರೆಲ್ಲರೂ ಮಾಡಿರುತ್ತೀರಿ. ಗುಳ್ಳೆಗಳು ಏಳುತ್ತವೆ, ಅಂಚು ದಪ್ಪವಾಗಿ ನಡು ತೆಳುವಾಗುತ್ತದೆ, ಅದನ್ನಾದರೂ ಸಹಿಸಬಹುದು. ಉಳಿದುಹೋಗುವ ದ್ರಾವಕದ ಕಾಟ ಮಾತ್ರ ಸಹಿಸಲಾಗದು. ಅದು ಇರುವಷ್ಟು ಕಾಲ ವಾಹಕತೆ ಸೊಗಸಾಗಿ ಕಾಣುತ್ತದೆ, ಲಿಥಿಯಂ ಮುಟ್ಟಿದ ಮೇಲೆ ಬಣ್ಣ ಬಯಲಾಗುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಹಾಳೆಗೆ ಬೆರೆಸುವ ಎಲ್‌ಐಟಿಎಫ್‌ಎಸ್‌ಐ ಎಂಬ ಲಿಥಿಯಂ ಲವಣ ನೀರು ಹೀರುವ ವೇಗವಂತೂ ಹೇಳತೀರದು. ಒಂದು ಮಳೆಗಾಲ ಪೂರ್ತಿ ಕಾಯಿನ್ ಸೆಲ್‌ಗಳು (ನಾಣ್ಯದಾಕಾರದ ಪರೀಕ್ಷಾ ಬ್ಯಾಟರಿಗಳು) ಕಸದ ಡಬ್ಬಿ ಸೇರಿದವು. ಗಾಳಿ, ತೇವ ಸೋಕದಂತೆ ಕೆಲಸ ಮಾಡುವ ಗ್ಲೌವ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆಗೆ ತುಂಬುವ ಆರ್ಗಾನ್ ಸಿಲಿಂಡರ್‌ಗಳಿಗೇ ತಿಂಗಳಿಗೆ ಹದಿನೈದು ಸಾವಿರದ ಹತ್ತಿರ ಹೋಗುತ್ತಿತ್ತು.

ಆಮದಿನ ಹಾಟ್ ಪ್ರೆಸ್‌ಗೆ ಆರೇಳು ಲಕ್ಷ ಕೇಳಿದರು. ನಾನು ಟೀ ಶರ್ಟ್ ಮೇಲೆ ಚಿತ್ರ ಅಚ್ಚೊತ್ತುವ ಯಂತ್ರವನ್ನು ಹದಿನಾಲ್ಕು ಸಾವಿರ ಚಿಲ್ಲರೆಗೆ ತಂದೆ. ಅದು ಗ್ಲೌವ್ ಬಾಕ್ಸಿನೊಳಗೆ ಹಿಡಿಯುವುದಿಲ್ಲ. ಹಾಗಾಗಿ ಆರು ಲಕ್ಷ ಅಣುತೂಕದ ಪಿಇಒ, ಅದರ ಇಪ್ಪತ್ತು ಆಮ್ಲಜನಕ ಪರಮಾಣುಗಳಿಗೆ ಒಂದು ಲಿಥಿಯಂ ಲೆಕ್ಕದ ಲವಣ, ಶೇ 5ರ ಆಸುಪಾಸು ಬೆಂಜೋಫಿನೋನ್, ಎಲ್ಲವನ್ನೂ ಒಳಗೇ ಅರೆದು ಎರಡು ಮೈಲಾರ್ (ಪಾಲಿಯೆಸ್ಟರ್) ಹಾಳೆಗಳ ನಡುವೆ ಇಟ್ಟು, ಅಲ್ಯೂಮಿನಿಯಂ ಚೀಲದಲ್ಲಿ ನಿರ್ವಾತ ಸೀಲ್ ಮಾಡಿ ಹೊರಗೆ ತಂದು, ಸುಮಾರು 90 ಡಿಗ್ರಿಯಲ್ಲಿ ಒತ್ತಿದೆ. ಮೊದಲ ಒತ್ತಿಗೆ ಬರುವುದು ಬಿಳಿ ಚುಕ್ಕೆಗಳ ಅಂಟು ಮುದ್ದೆ. ಒಳಗೆ ಒಯ್ದು ಮಡಚಿ, ಮತ್ತೆ ಸೀಲ್ ಮಾಡಿ ಒತ್ತಬೇಕು. ಮಡಚುತ್ತ ಹೋದಂತೆ ಚುಕ್ಕೆಗಳು ಕರಗಿ ಹಾಳೆ ಪಾರದರ್ಶಕವಾಗುತ್ತದೆ. ಕೊನೆಗೆ 50 ಮೈಕ್ರಾನ್‌ವರೆಗೆ ತರಬಹುದು. ಆಮೇಲೆ ಒಳಗೆ ಯುವಿ ದೀಪದಡಿ ಕೆಲವು ನಿಮಿಷ. ಆ ಬೆಳಕಿನಲ್ಲಿ ಬೆಂಜೋಫಿನೋನ್, ಪಿಇಒ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಎಷ್ಟು ಬಿಸಿ ಇರುವಾಗ ದೀಪ ಹಚ್ಚಬೇಕು, ಮೈಲಾರ್ ಬಿಡಿಸಲು ಏನು ಮಾಡಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬೆಸೆಯದ ಹಾಳೆ 100 ಡಿಗ್ರಿಯ ತಟ್ಟೆಯ ಮೇಲೆ ಕರಗಿ ಹರಡಿ ಅಂಟಿಕೊಳ್ಳುತ್ತದೆ. ಬೆಸೆದದ್ದನ್ನು ಇಕ್ಕಳದಲ್ಲಿ ಎತ್ತಿದರೆ ಅಂಚು ಕೂಡ ಕದಲಿರಲಿಲ್ಲ. ಸುರಕ್ಷತೆಯ ಮಾತಾಡುವವರು ಮೊದಲು ನೋಡಬೇಕಾದದ್ದು ಇದನ್ನು. ಪಾಲಿಮರ್ ಇದ್ದ ಮಾತ್ರಕ್ಕೆ ಬೆಂಕಿಯ ಭಯ ತೀರಿತು ಎನ್ನುವವರಿಗೆ 2022ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಉರಿದ ಎರಡು ಬಸ್‌ಗಳನ್ನು ನೆನಪಿಸುತ್ತೇನೆ. ಅವುಗಳಲ್ಲಿ ಇದ್ದದ್ದೂ ಲಿಥಿಯಂ ಲೋಹದ ಪಾಲಿಮರ್ ಬ್ಯಾಟರಿಯೇ.

60 ಡಿಗ್ರಿಯಲ್ಲಿ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣದ ಫಾಸ್ಫೇಟ್) ಧನ ವಿದ್ಯುದ್ವಾರದ ಎದುರು, ಹತ್ತು ಗಂಟೆಯ ಚಾರ್ಜ್ ದರದಲ್ಲಿ, ಸಾಮರ್ಥ್ಯ ಗ್ರಾಂಗೆ 150 ಮಿಲಿಆಂಪ್ ಗಂಟೆ ದಾಟಿತು. ಸೈದ್ಧಾಂತಿಕ ಮಿತಿಯೇ 170. ಇನ್ನೂರು ಸುತ್ತು ಕಳೆದರೂ ಶೇ 90ರ ಹತ್ತಿರ ಉಳಿದಿತ್ತು. ಕೋಣೆಯ ಉಷ್ಣತೆಯಲ್ಲಿ ಕೇಳಬೇಡಿ, ಅಲ್ಲಿ ಸೆಲ್ ಏಳುವುದೇ ಇಲ್ಲ.

ಎರಡೂ ಕಡೆ ಲಿಥಿಯಂ ಇಟ್ಟ ಸೆಲ್‌ನಲ್ಲಿ ವೋಲ್ಟೇಜ್ ತಾನಾಗಿ ಇಳಿಯುತ್ತಾ ಬಂದರೆ ಸಿಹಿ ಹಂಚಬೇಡಿ. ಇಂಪೀಡೆನ್ಸ್ (ಬೇರೆ ಬೇರೆ ಆವರ್ತನಗಳ ಎಸಿ ವಿದ್ಯುತ್ತಿಗೆ ಸೆಲ್ ಒಡ್ಡುವ ತಡೆ) ತೆಗೆದು ನಕ್ಷೆ ನೋಡಿ. ಅರ್ಧವೃತ್ತ ಮಾಯವಾಗಿ ಬರೀ ಒಂದು ಚುಕ್ಕೆ ಉಳಿದಿದ್ದರೆ ಲಿಥಿಯಂ ಹಾಳೆಯ ಒಳಗೊಳಗೇ ದಾರಿ ಮಾಡಿಕೊಂಡು ಎರಡೂ ಕಡೆ ಶಾರ್ಟ್ ಆಗಿದೆ ಎಂದರ್ಥ. ಸಾವಿರ ಗಂಟೆ ಬಾಳಿತು ಎಂದು ಬೀಗುವ ಎಷ್ಟೋ ಸೆಲ್‌ಗಳ ಕಥೆ ಇದೇ ಎಂಬುದು ನನ್ನ ಗುಮಾನಿ.

ನಡುವೆ ಅಲ್ಯೂಮಿನಾ ನ್ಯಾನೊ ಪುಡಿಯನ್ನೂ ಬೆರೆಸಿ ನೋಡಿದೆ. ಹಾಳೆ ಗಟ್ಟಿಯಾಯಿತು, ವಾಹಕತೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಧನ ವಿದ್ಯುದ್ವಾರ) ಎದುರು 4.2 ವೋಲ್ಟ್‌ಗೆ ಒಯ್ದಾಗ ವೋಲ್ಟೇಜ್ ಗೆರೆ ನಡುಗತೊಡಗಿತು, ಚಾರ್ಜ್ ಮುಗಿಯಲೇ ಇಲ್ಲ. ಪಿಇಒಗೆ 4 ವೋಲ್ಟ್‌ನ ಆಸುಪಾಸಿನಲ್ಲೇ ಉಸಿರು ಕಟ್ಟುತ್ತದೆ ಎಂದು ಗೊತ್ತಿದ್ದೂ ಮಾಡಿದೆ. ಲಿಥಿಯಂ ಹಾಳೆ ಅವಧಿ ಮೀರುವ ಹಂತದಲ್ಲಿತ್ತು, ಸುಮ್ಮನೆ ಎಸೆಯಲು ಮನಸ್ಸಾಗಲಿಲ್ಲ.