ಘೀ ರೋಸ್ಟ್‌ನಲ್ಲಿ ದೊಡ್ಡ ಸಿಗಡಿ ಮೆತ್ತಗಿರಲು

ಘೀ ರೋಸ್ಟ್ ಅಂದರೆ ತುಪ್ಪದಲ್ಲಿ ಮಸಾಲೆ ಹುರಿದು ಮಾಡುವ ಕುಂದಾಪುರದ ಅಡುಗೆ. ದೊಡ್ಡ ಸಿಗಡಿಯಲ್ಲಿ ಅದನ್ನು ಮಾಡಿದಾಗಲೆಲ್ಲ ಒಂದೇ ತೊಂದರೆ. ಮಸಾಲೆ ನೀರು ನೀರು, ಸಿಗಡಿ ಮಾತ್ರ ರಬ್ಬರ್. ಈಗ ಸರಿಹೋಗಿದೆ. ಮಸಾಲೆಗೆ ಜಾಸ್ತಿ ಹೊತ್ತು ಬೇಕು, ಸಿಗಡಿಗೆ ಮೂರ್ನಾಲ್ಕು ನಿಮಿಷ ಸಾಕು. ಒಟ್ಟಿಗೆ ಬೇಯಿಸಿದರೆ ಎರಡರಲ್ಲಿ ಒಂದು ಕೆಡಲೇಬೇಕು, ಅಲ್ವಾ?

ಹಾಗಾಗಿ ಬೇರೆ ಬೇರೆ ಮಾಡುತ್ತೇನೆ. ಬೆನ್ನು ಸೀಳಿ ಕಪ್ಪು ನಾರು ತೆಗೆದು, ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಒದ್ದೆ ಇದ್ದರೆ ಹುರಿಯುವುದಿಲ್ಲ, ಸುಮ್ನೆ ನೀರು ಬಿಡುತ್ತದೆ. ಉಪ್ಪು, ಅರಿಶಿನ ಹಚ್ಚಿ, ಕಾದ ತುಪ್ಪದಲ್ಲಿ ಒಂದರ ಮೇಲೊಂದು ಬೀಳದಂತೆ ಇಡುತ್ತೇನೆ. ಅಂಚಿನ ಬೂದು ಬಣ್ಣ ಹೋಗಿ ಕೆಂಪಾದ ಕೂಡಲೇ ತಿರುವಬೇಕು. ಅರ್ಧ ಬಾಗಿದಾಗಲೇ ತಟ್ಟೆಗೆ ತೆಗೆಯಿರಿ. ಪೂರ್ತಿ ಸುತ್ತಿಕೊಂಡರೆ ಜಾಸ್ತಿ ಬೆಂದಿದೆ ಎಂದೇ ಅರ್ಥ.

ಅದೇ ತುಪ್ಪಕ್ಕೆ ಹುರಿದು ರುಬ್ಬಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ. ತಟ್ಟೆಯಲ್ಲಿ ಇಳಿದ ಸಿಗಡಿ ರಸವೂ ಇದಕ್ಕೇ. ಸಣ್ಣ ಉರಿಯಲ್ಲಿ ತುಪ್ಪ ಬದಿಗೆ ಬಿಡುವವರೆಗೆ ಕೈಯಾಡಿಸಬೇಕು. ಅವಸರ ಬೇಡ, ಕುಂದಾಪುರದ ಆ ರುಚಿ ಹುಟ್ಟುವುದೇ ಇಲ್ಲಿ. ಚೂರು ಬೆಲ್ಲ, ಕರಿಬೇವು, ಕೊನೆಗೆ ಸಿಗಡಿ. ಒಂದೇ ನಿಮಿಷ.

ನೀರ್ ದೋಸೆ ಮೊದಲೇ ಹುಯ್ದಿಡಿ. ತಡವಾದರೆ ಸಿಗಡಿ ಬಿಸಿ ಬಾಣಲೆಯಲ್ಲೇ ಮತ್ತೆ ಗಟ್ಟಿಯಾಗುತ್ತದೆ.