ಎಸಿಯಿಂದ ಸೋರುತ್ತಿರುವುದು ನೀರೋ, ಗ್ಯಾಸೋ?

ಗೋಡೆಯ ಮೇಲಿನ ಎಸಿಯಿಂದ ನೀರು ತೊಟ್ಟಿಕ್ಕಿದ ಕೂಡಲೇ ಗ್ಯಾಸ್ ಖಾಲಿಯಾಗಿರಬೇಕೆಂದು ತೀರ್ಮಾನಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡುವವರೇ ಹೆಚ್ಚು. ವಾಸ್ತವದಲ್ಲಿ ಎಸಿಯ ಸೋರಿಕೆ ಎಂದರೆ ಎರಡು ಬೇರೆ ಬೇರೆ ತೊಂದರೆಗಳು. ಒಂದು ನೀರಿನದು, ಇದನ್ನು ಬಹುಮಟ್ಟಿಗೆ ಮನೆಯವರೇ ಸರಿಪಡಿಸಿಕೊಳ್ಳಬಹುದು. ಇನ್ನೊಂದು ತಾಮ್ರದ ಕೊಳವೆಗಳೊಳಗೆ ಸುತ್ತುವ ಶೀತಕದ್ದು, ಅಂದರೆ ನಾವು ಗ್ಯಾಸ್ ಎಂದು ಕರೆಯುವುದರದ್ದು. ಇದಕ್ಕೆ ನಾವು ಕೈಹಾಕಬಾರದು. ಎರಡನೆಯದು ಕೆಲವೊಮ್ಮೆ ಮೊದಲನೆಯದರ ರೂಪದಲ್ಲಿಯೇ ಕಾಣಿಸಿಕೊಳ್ಳುವುದರಿಂದ ಗೊಂದಲವಾಗುತ್ತದೆ.

ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆಯೇ, ಒಳಗಿನ ಯಂತ್ರದ ತಣ್ಣನೆಯ ಕಾಯಿಲ್ (ಶೀತಕ ಹರಿಯುವ ಬಾಗಿದ ಕೊಳವೆಗಳ ಸಾಲು) ಮೇಲೆ ಕೋಣೆಯ ಗಾಳಿಯಲ್ಲಿರುವ ತೇವಾಂಶ ನೀರಾಗಿ ಕೂರುತ್ತದೆ. ಸೆಕೆಯ, ತೇವ ತುಂಬಿದ ದಿನಗಳಲ್ಲಿ 1.5 ಟನ್ ಎಸಿಯೊಂದು ಗಂಟೆಗೆ ಒಂದು ಲೀಟರಿಗಿಂತಲೂ ಹೆಚ್ಚು ನೀರನ್ನು ಹೊರಹಾಕಬಲ್ಲದು. ಈ ನೀರು ಕಾಯಿಲ್‌ನ ಕೆಳಗಿರುವ ಟ್ರೇಗೆ ಇಳಿದು, ಅಲ್ಲಿಂದ ಡ್ರೈನ್ ಪೈಪಿನ ಮೂಲಕ ಹೊರಗೆ ಹೋಗಬೇಕು. ಮನೆಯ ಹೆಚ್ಚಿನ ಎಸಿಗಳಲ್ಲಿ ಇದಕ್ಕೆ ಪಂಪ್ ಇರುವುದಿಲ್ಲ. ನೀರನ್ನು ಹೊರಗೆ ಸಾಗಿಸುವುದು ಇಳಿಜಾರು ಮಾತ್ರ.

ಹೀಗಾಗಿ ಮೊದಲ ಅನುಮಾನ ಡ್ರೈನ್ ಪೈಪಿನ ಮೇಲೆಯೇ ಇರಲಿ. ಎಸಿ ಓಡುತ್ತಿರುವಾಗ ಹೊರಗಿನ ತುದಿಯಿಂದ ಹನಿ ಬೀಳದೆ ಒಳಗೆ ಗೋಡೆ ಒದ್ದೆಯಾಗುತ್ತಿದ್ದರೆ ಪೈಪ್ ಕಟ್ಟಿಕೊಂಡಿದೆ ಎಂದರ್ಥ. ಫಿಲ್ಟರ್ ದಾಟಿ ಬಂದ ಧೂಳು ಟ್ರೇಯ ತೇವದಲ್ಲಿ ನೆನೆದು, ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆದು, ಬೂದುಬಣ್ಣದ ಲೋಳೆಯಾಗಿ ಪೈಪಿನ ಬಾಯಿಗೆ ಕೂರುತ್ತದೆ. ಎಸಿಗೆ ವಿದ್ಯುತ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿದ ಮೇಲೆ, ಒದ್ದೆ ಕಸವನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದನ್ನು ಪೈಪಿನ ಹೊರತುದಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದು ಎಳೆದರೆ ಈ ಲೋಳೆ ಗೆಡ್ಡೆಯಂತೆ ಹೊರಬರುತ್ತದೆ. ಬಳಿಕ ಫಿಲ್ಟರ್ ತೆಗೆದು, ವಿದ್ಯುತ್ ಭಾಗಗಳಿರುವ ಪಕ್ಕದಿಂದ ದೂರದಲ್ಲಿ, ಕಾಯಿಲ್ ಮೇಲೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಿರಿ. ಅಷ್ಟೂ ನೀರು ಹೊರಗೆ ಹರಿದುಬಂದರೆ ದಾರಿ ತೆರೆದಿದೆ. ಹೊರಗೆ ಸರಾಗವಾಗಿ ಹರಿಯುತ್ತಿದ್ದರೂ ಒಳಗೆ ಒಂದು ಮೂಲೆಯಿಂದ ಸೋರುತ್ತಿದ್ದರೆ ಟ್ರೇ ಬಿರುಕು ಬಿಟ್ಟಿರಬಹುದು, ಇಲ್ಲವೇ ಯಂತ್ರ ವಾಲಿರಬಹುದು. ರಸಮಟ್ಟವನ್ನು ಮೇಲಿಟ್ಟು ನೋಡಿದರೆ ವಾಲಿರುವುದು ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಎರಡು ಬಾರಿ ಪೈಪ್ ಶುಚಿ ಮಾಡಿಸಿದರೂ ಸೋರಿಕೆ ನಿಂತಿರಲಿಲ್ಲ. ಗಿಡಗಳಿಗೆ ಆಗುತ್ತದೆಂದು ನೀರು ಹಿಡಿಯಲು ನಾನೇ ಇಟ್ಟಿದ್ದ ಬಕೆಟ್ಟಿನಲ್ಲಿ ಪೈಪಿನ ತುದಿ ಮುಳುಗಿತ್ತು. ಹಾಗೆ ಮುಳುಗಿದಾಗ ಪೈಪಿನೊಳಗಿನ ಗಾಳಿ ಸಿಕ್ಕಿಬಿದ್ದು ನೀರಿನ ದಾರಿಯನ್ನು ತಡೆಯುತ್ತದೆ. ತುದಿಯನ್ನು ನಾಲ್ಕು ಬೆರಳು ಮೇಲಕ್ಕೆ ಕಟ್ಟಿದ ಮೇಲೆ ಮತ್ತೆ ತೊಂದರೆಯಾಗಲಿಲ್ಲ. ಪೈಪ್ ನಡುವೆ ಜೋತುಬಿದ್ದು ಹೊಟ್ಟೆ ಮಾಡಿಕೊಂಡಿದ್ದರೂ ಇದೇ ಫಲ. ಪ್ರತಿ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರಿನಷ್ಟು ಇಳಿಜಾರು ಉದ್ದಕ್ಕೂ ಇರಬೇಕು.

ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ವಿಷಯ ಬೇರೆ. ಆ ಗಡ್ಡೆ ಕರಗುವಾಗ ನೀರು ಟ್ರೇಯಲ್ಲಿ ಹಿಡಿಸದೆ ಹೊರಚೆಲ್ಲುತ್ತದೆ. ಕೂಲ್ ನಿಲ್ಲಿಸಿ, ಬರೀ ಫ್ಯಾನ್ ಓಡಿಸಿ, ಪೂರ್ತಿ ಕರಗುವವರೆಗೆ ಕಾಯಿರಿ. ಚಾಕುವಿನಿಂದ ಕೆರೆಯಹೋದರೆ ತೆಳುವಾದ ಕೊಳವೆ ತೂತಾಗಿ, ಇಲ್ಲದ ಗ್ಯಾಸ್ ಸೋರಿಕೆಯನ್ನು ನಾವೇ ತಂದುಕೊಂಡಂತಾಗುತ್ತದೆ. ಬಳಿಕ ಫಿಲ್ಟರ್ ತೊಳೆದು, ಒಣಗಿಸಿ ಹಾಕಿ. ಧೂಳಿನಿಂದ ಗಾಳಿ ಕಡಿಮೆಯಾಗಿ ಗಡ್ಡೆ ಕಟ್ಟಿದ್ದರೆ ಅಷ್ಟಕ್ಕೇ ಸರಿಹೋಗುತ್ತದೆ. ಫಿಲ್ಟರ್ ಮತ್ತು ಕಾಯಿಲ್ ಎರಡೂ ಶುಚಿಯಾಗಿದ್ದು, ಫ್ಯಾನ್ ಸರಿಯಾಗಿ ತಿರುಗುತ್ತಿದ್ದು, ಮತ್ತೆ ಗಡ್ಡೆ ಕಟ್ಟುತ್ತಿದ್ದರೆ, ಕೋಣೆಯೂ ಮೊದಲಿನಷ್ಟು ತಣ್ಣಗಾಗದಿದ್ದರೆ, ಆಗ ಗ್ಯಾಸ್ ಸೋರಿಕೆಯನ್ನು ಶಂಕಿಸಬೇಕು. ಗ್ಯಾಸ್ ಕಡಿಮೆಯಾದಾಗ ಕಾಯಿಲ್‌ನ ಒತ್ತಡ ಇಳಿದು, ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವುದೇ ಇದಕ್ಕೆ ಕಾರಣ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಎಸಿಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ. ಆದ್ದರಿಂದ ಪ್ರತಿ ಬೇಸಿಗೆಯಲ್ಲೂ ಸ್ವಲ್ಪ ಗ್ಯಾಸ್ ತುಂಬಿಸಬೇಕು ಎನ್ನುವವರನ್ನು ನಾನು ನಂಬುವುದಿಲ್ಲ. ಎಸಿಯಲ್ಲಿ ಸೋರಿಕೆಗೆ ಹೆಚ್ಚಾಗಿ ಸಿಕ್ಕಿಬೀಳುವ ಜಾಗ ತಾಮ್ರದ ಕೊಳವೆಗಳನ್ನು ನಟ್‌ನಿಂದ ಬಿಗಿದ ಕೀಲುಗಳು. ಗ್ಯಾಸ್ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಅಲ್ಲಿ ಜಿಡ್ಡಿನ ಕಲೆಯೂ ಅದಕ್ಕಂಟಿದ ಧೂಳೂ ಕಾಣುತ್ತವೆ. ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಬಣ್ಣ, ಮರದ ಅಂಟು, ವಿನೆಗರ್ ಇತ್ಯಾದಿಗಳ ಆಮ್ಲೀಯ ಆವಿಯಿಂದ ಕಾಯಿಲ್‌ನ ತಾಮ್ರವೇ ಒಳಗೊಳಗೆ ಇರುವೆಗೂಡಿನಂತೆ ಕೊರೆದುಹೋಗುವುದೂ ಉಂಟು. ಡ್ರೈನ್ ಶುಚಿಗೆ ಅನೇಕರು ಸೂಚಿಸುವ ವಿನೆಗರ್ ಬದಲು ನಾನು ಉಗುರುಬೆಚ್ಚಗಿನ ನೀರನ್ನೇ ಬಳಸುವುದಕ್ಕೆ ಇದೇ ಕಾರಣ.

ದುರಸ್ತಿಗೆ ಬಂದವರು ಮೊದಲು ತೂತನ್ನು ಹುಡುಕಿ ಮುಚ್ಚಬೇಕು, ನೈಟ್ರೋಜನ್ ತುಂಬಿ ಒತ್ತಡ ಇಳಿಯದಿರುವುದನ್ನು ತೋರಿಸಬೇಕು, ವ್ಯಾಕ್ಯೂಮ್ ಪಂಪಿನಿಂದ ಗಾಳಿಯನ್ನೂ ತೇವವನ್ನೂ ಎಳೆಯಬೇಕು, ಕೊನೆಗೆ ಹೊರಘಟಕದ ಫಲಕದಲ್ಲಿ ಬರೆದಿರುವಷ್ಟೇ ಗ್ಯಾಸನ್ನು ತೂಗಿ ಹಾಕಬೇಕು. ಈಗಿನ ಅನೇಕ ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸ್ ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣವುಳ್ಳದ್ದು. ಜೊತೆಗೆ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸೋರಿಕೆಯ ಅನುಮಾನವಿದ್ದರೆ ಕಿಟಕಿ ಬಾಗಿಲು ತೆರೆದಿಡಿ, ಆ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಬೇಡಿ.

ಮುನ್ನೆಚ್ಚರಿಕೆಯ ಕೆಲಸ ಹೆಚ್ಚಿಲ್ಲ. ದಿನವೂ ಬಳಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಬಳಕೆಯ ಕಾಲ ಆರಂಭವಾಗುವ ಮೊದಲು ಒಂದು ಲೋಟ ನೀರಿನ ಪರೀಕ್ಷೆ, ಹೊರಗಿನ ಕೊಳವೆಗಳ ಹೊದಿಕೆ ಹರಿದಿದೆಯೇ ಎಂದು ಒಂದು ನೋಟ. ಸ್ಪ್ಲಿಟ್ ಎಸಿಯಲ್ಲಿ ಸಾಮಾನ್ಯವಾಗಿ ದಪ್ಪ ಮತ್ತು ತೆಳು ಕೊಳವೆಗಳೆರಡೂ ತಣ್ಣಗಿರುವುದರಿಂದ ಎರಡಕ್ಕೂ ಬೇರೆ ಬೇರೆ ಹೊದಿಕೆ ಇರಬೇಕು. ಗೋಡೆಯ ತೂತಿನೊಳಗೆ ಅರ್ಧ ಅಡಿ ಬರಿಮೈಯಾಗಿ ಉಳಿದರೂ ಅಲ್ಲಿ ಬೆವರಿದ ನೀರು ಒಳಗಿನ ಬಣ್ಣವನ್ನು ಉಬ್ಬಿಸುತ್ತದೆ.