ಘಾಟಿ ಏರುವಾಗ ಎಂಜಿನ್ ಕಟಕಟ ಅಂದರೆ

ಶಿರಾಡಿ ಘಾಟಿಯ ಏರು. ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ತುಳಿದಾಗ ಬಾನೆಟ್ ಒಳಗಿಂದ, ಸ್ಟೀಲ್ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದಂಥ ಸದ್ದು. ಕಾಲು ತೆಗೆದರೆ ಮಾಯ. ಪೆಟ್ರೋಲ್ ಎಸ್‌ಯುವಿಯ ನಾಕಿಂಗ್ ಬಹುತೇಕ ಹೀಗೇ ಶುರುವಾಗುತ್ತದೆ. ಪ್ಲಗ್ಗಿನ ಕಿಡಿ ಹೊತ್ತಿಸಿದ ಬೆಂಕಿ ಸಿಲಿಂಡರ್ ತುಂಬ ಹರಡುವ ಮೊದಲೇ, ಅಂಚಿನಲ್ಲಿ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ಬಿಸಿ ಮತ್ತು ಒತ್ತಡ ತಾಳದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆ ಬಡಿತವೇ ನಮಗೆ ಕೇಳುವುದು. ಎಂಜಿನ್ ಬಿಚ್ಚಿಸುವ ಮಾತು ಕಡೆಗಿರಲಿ. ಸದ್ದು ಯಾವಾಗ ಬರುತ್ತದೆ ಎಂದು ಮೊದಲು ಗುರುತಿಸಿ.

ಸದ್ದಿನ ಜಾಡು

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನನ್ನು ನಿಧಾನವಾಗಿ 2500 ಆರ್‌ಪಿಎಂವರೆಗೆ ಏರಿಸಿ. ಭಾರ ಬಿದ್ದಾಗ ಮಾತ್ರ ಬರುವ ಸದ್ದು ಇಲ್ಲಿ ಕೇಳದಿದ್ದರೆ ನಾಕಿಂಗ್ ಅನುಮಾನ ಗಟ್ಟಿ. ನಿಂತಲ್ಲೂ ಆರ್‌ಪಿಎಂ ಜೊತೆಗೇ ಏರುವ ದಪ್ಪ 'ಧಡ್ ಧಡ್' ಆದರೆ ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಸವೆದ ಬೇರಿಂಗ್ ಇರಬಹುದು. ಆಗ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ತಳ ಸೇರಿದ್ದರೆ, ಇಲ್ಲವೇ ಓಡುವಾಗ ಆಯಿಲ್ ಪ್ರೆಷರ್ ದೀಪ ಹೊತ್ತಿದ್ದರೆ ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ.

ಮೋಸ ಮಾಡುವ ಸದ್ದು ಇನ್ನೊಂದಿದೆ: ಸೈಲೆನ್ಸರ್ ಪೈಪಿನ ಮೇಲಿರುವ ತಗಡಿನ ಹೀಟ್ ಶೀಲ್ಡ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಅದೇ ಝಣಝಣ ಬಂದರೆ ತುಕ್ಕು ತಿಂದ ಬೋಲ್ಟಿನ ಜಾಗಕ್ಕೆ ಒಂದು ಸ್ಟೀಲ್ ಹೋಸ್ ಕ್ಲಿಪ್ ಬಿಗಿದರೆ ಸಾಕು. ಇಷ್ಟಕ್ಕೇ ಮುಗಿಯುವ ಪ್ರಕರಣಗಳು ಕಡಿಮೆಯೇನಲ್ಲ.

ಪೈಸೆ ಖರ್ಚಿಲ್ಲದ ಪರೀಕ್ಷೆ

ಅದೇ ಏರನ್ನು ಒಂದು ಗೇರ್ ಇಳಿಸಿ, 2000 ಆರ್‌ಪಿಎಂ ಮೇಲಿಟ್ಟು ಹತ್ತಿ. ಸದ್ದು ಹೋದರೆ ತಪ್ಪು ಗೇರ್ ಆಯ್ಕೆಯದು, ಎಂಜಿನಿನದಲ್ಲ. ಟರ್ಬೊ ಪೆಟ್ರೋಲ್ ಇದ್ದವರಿಗೆ ಇದು ಇನ್ನೂ ಮುಖ್ಯ. 1500ರ ಆಸುಪಾಸಿನಲ್ಲಿ ಪೂರ್ತಿ ತುಳಿದರೆ, ಆಯಿಲ್ ಹನಿ ಅಥವಾ ಇಂಗಾಲದ ಚೂರಿನಿಂದ ಕಿಡಿಗಿಂತ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ (ಡಬ್ಬಿಯ ಮೇಲೆ API SP ಎಂದಿರುವ) ಆಯಿಲ್ ಇದನ್ನು ತಡೆಯಲೂ ನೆರವಾಗುತ್ತದೆ. ಆಯಿಲಿನ ಮಂದತೆಯ ಗ್ರೇಡ್ ಮಾತ್ರ ಮ್ಯಾನುಯಲ್‌ನಲ್ಲಿರುವುದೇ ಇರಲಿ.

ಮುಂದಿನದು ಪೆಟ್ರೋಲ್. ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಗೊತ್ತುಮಾಡಿದ ಕನಿಷ್ಠ ಆಕ್ಟೇನ್ 95. ಅದಕ್ಕೆ ಮುಂಚಿನ ಸಾಧಾರಣ ಬಿಎಸ್6 ಪೆಟ್ರೋಲಿಗೆ 91. ಹಾಗಾಗಿ 'ಎಥನಾಲ್ ಹಾಕಿದ್ದಕ್ಕೇ ಹೊಡೀತಿದೆ' ಅನ್ನುವುದು ಆಕ್ಟೇನ್ ಲೆಕ್ಕದಲ್ಲಿ ನಿಲ್ಲದ ಮಾತು. ಆದರೆ ಮಳೆಗಾಲವಿಡೀ ನಿಲ್ಲಿಸಿಟ್ಟ ಗಾಡಿಯ ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ನೀರಿನ ಜೊತೆ ತಳಕ್ಕಿಳಿಯುತ್ತದೆ, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ಅಂಥ ಟ್ಯಾಂಕನ್ನು ಬಸಿದು ತೆಗೆಯಬೇಕು. ಮೇಲೆ ಹೊಸದು ಸುರಿದು ಪ್ರಯೋಜನವಿಲ್ಲ. ಹಾಗಿಲ್ಲದಿದ್ದರೆ ಟ್ಯಾಂಕ್ ರಿಸರ್ವ್‌ಗೆ ಬಂದಾಗ 100 ಆಕ್ಟೇನ್ ಪೆಟ್ರೋಲ್ 15–20 ಲೀಟರ್ ಹಾಕಿ, ಅದೇ ಏರು, ಅದೇ ಗೇರು. ಸದ್ದು ತಗ್ಗಿದರೆ ದೋಷ ಉರಿಯುವ ರೀತಿಯಲ್ಲಿದೆ, ಬೇರಿಂಗಿನಲ್ಲಲ್ಲ.

ಸ್ಕ್ಯಾನರ್ ಹಾಕಿ

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ರೀಡರ್ ಚುಚ್ಚಿದರೆ, ಗಾಡಿಯ ಕಂಪ್ಯೂಟರ್ (ಇಸಿಯು) ದಾಖಲಿಸಿದ ದೋಷದ ಕೋಡುಗಳನ್ನು ಮೊಬೈಲಿನಲ್ಲೇ ಓದಬಹುದು. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಶೇ +10 ದಾಟಿದ್ದರೆ, ಅಥವಾ ಪಿ0171 ಕೋಡ್ ಇದ್ದರೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತಿದೆ ಎಂದರ್ಥ. ಏರ್ ಫಿಲ್ಟರ್ ದಾಟಿದ ಮೇಲೆ ಬರುವ, ಒಳಹೋಗುವ ಗಾಳಿ ಅಳೆಯುವ ಎಂಎಎಫ್ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇನಿಂದ ತೊಳೆಯಿರಿ. ಬಟ್ಟೆ, ಕಾರ್ಬ್ಯುರೇಟರ್ ಕ್ಲೀನರ್ ಬೇಡ. ಕೂದಲೆಳೆಯಂಥ ತಂತಿ ಹಾಳಾಗುತ್ತದೆ. ಆಮೇಲೂ ಟ್ರಿಮ್ ಇಳಿಯದಿದ್ದರೆ ಗಾಳಿ ಒಳಬರುವ ಇನ್‌ಟೇಕ್ ಪೈಪಿನ ಲೀಕ್ ಹುಡುಕಲು ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ನೋಡುವ ಪರೀಕ್ಷೆ) ಮಾಡಿಸಿ, ಫ್ಯೂಯೆಲ್ ಪ್ರೆಷರ್ ನೋಡಿಸಿ. ಕೂಲಂಟ್ ಬಿಸಿಯನ್ನೂ ಅಲ್ಲೇ ಗಮನಿಸಿ: ಏರಿನಲ್ಲಿ 110 ಡಿಗ್ರಿ ದಾಟುತ್ತಿದ್ದರೆ ಥರ್ಮೋಸ್ಟಾಟ್, ಫ್ಯಾನ್, ಕೆಸರು ಮೆತ್ತಿದ ರೇಡಿಯೇಟರ್ ಮೊದಲು.

ಪಿ0325 ಕೋಡ್ ಬಂದರೆ ನಾಕ್ ಸೆನ್ಸರ್ ನೋಡಿ. ಬ್ಲಾಕಿಗೆ ಒಂದೇ ಬೋಲ್ಟಿನಲ್ಲಿ ಕೂರುವ, ಎಂಜಿನಿನ ನಡುಕವನ್ನು ವಿದ್ಯುತ್ತಾಗಿಸುವ ಪುಟ್ಟ ಬಿಲ್ಲೆ ಇದು. ಪೂರ್ತಿ ಸತ್ತರೆ ಇಸಿಯು ಹೆದರಿ ಟೈಮಿಂಗ್ ಹಿಂದೆಳೆಯುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತದೆ; ಸದ್ದು ಬರದಿದ್ದರೂ ಪಿಕಪ್ ಹೋಗುತ್ತದೆ. ಸಡಿಲವಾಗಿ ಕೂತಿದ್ದರೆ ನಾಕಿಂಗ್ ಅದಕ್ಕೇ ಕೇಳಿಸದು, ಗಾಡಿ ಬಡಿದುಕೊಳ್ಳುತ್ತಲೇ ಇರುತ್ತದೆ. ಕೂರುವ ಜಾಗದ ತುಕ್ಕು ಒರೆಸಿ, ವಾಷರ್ ಹಾಕದೆ, ಟಾರ್ಕ್ ರೆಂಚಿನಿಂದ ಬಿಗಿಯಿರಿ. ಎಂ8 ಬೋಲ್ಟಿನ ಸೆನ್ಸರಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್. ಅಂದಾಜಿನ ಕೈಬಿಗಿತ ಇಲ್ಲಿ ನಡೆಯದು.

ಪ್ಲಗ್ ಹೇಳುವ ಕಥೆ

ತಣ್ಣನೆಯ ಎಂಜಿನಿನಿಂದ ಪ್ಲಗ್ ಬಿಚ್ಚಿ, ಯಾವ ಸಿಲಿಂಡರಿನದೆಂದು ಗುರುತು ಹಾಕಿ ಬಿಳಿ ಕಾಗದದ ಮೇಲಿಡಿ. ತುದಿಯ ಪಿಂಗಾಣಿ ಕಂದು ಬಣ್ಣಕ್ಕಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಾಗಿ, ಮೇಲೆ ಮೆಣಸಿನಪುಡಿಯಷ್ಟು ಸಣ್ಣ ಕಪ್ಪು ಇಲ್ಲವೇ ಹೊಳೆಯುವ ಚುಕ್ಕೆ ಕಂಡರೆ ನಾಕಿಂಗ್ ಖಚಿತ. ಆ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಂ. ಹೊಸ ಪ್ಲಗ್ ಮ್ಯಾನುಯಲ್‌ನಲ್ಲಿರುವ ನಂಬರಿನದೇ ಇರಲಿ. ಬಿಸಿಯನ್ನು ಬೇಗ ಬಿಟ್ಟುಕೊಡದ 'ಹಾಟ್' ಪ್ಲಗ್ ಹಾಕಿದರೆ ಅದರ ತುದಿಯೇ ಕೆಂಡವಾಗಿ ಮಿಶ್ರಣವನ್ನು ಹೊತ್ತಿಸುತ್ತದೆ.

ಪ್ಲಗ್ ತೂತಿನಲ್ಲಿ ಬೋರ್‌ಸ್ಕೋಪ್ (ತೆಳು ಕ್ಯಾಮೆರಾ) ಇಳಿಸಿದರೆ ಪಿಸ್ಟನ್ ಮೇಲಿನ ಇಂಗಾಲ ಕಾಣುತ್ತದೆ. ದಪ್ಪ ಪದರ ಜಾಗ ತಿಂದು ಕಂಪ್ರೆಷನ್ ಹೆಚ್ಚಿಸುತ್ತದೆ, ಬಿಸಿಯನ್ನೂ ಹಿಡಿದಿಡುತ್ತದೆ. ಪಿಇಎ (ಇಂಗಾಲ ಕರಗಿಸುವ ಪಾಲಿಈಥರ್ ಅಮೈನ್) ಇರುವ ಫ್ಯೂಯೆಲ್ ಕ್ಲೀನರನ್ನು ಬಾಟಲಿಯ ಮೇಲಿನ ಅಳತೆಯಂತೆ ಒಂದೆರಡು ಟ್ಯಾಂಕಿಗೆ ಹಾಕಿ ನೋಡಬಹುದು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನಿನ ಇನ್‌ಟೇಕ್ ವಾಲ್ವಿಗೆ ಪೆಟ್ರೋಲ್ ತಾಗುವುದೇ ಇಲ್ಲ. ಅಲ್ಲಿನ ಇಂಗಾಲಕ್ಕೆ ಬಾಟಲಿ ದಂಡ, ಮ್ಯಾನಿಫೋಲ್ಡ್ ಬಿಚ್ಚಿಯೇ ತೆಗೆಸಬೇಕು.

ಡೀಸೆಲ್ ಗಾಡಿಗೆ ಈ ಲೆಕ್ಕ ಬೇರೆ. ಅಲ್ಲಿ ಅನುಮಾನ ಮೊದಲು ಇಂಜೆಕ್ಟರ್ ಮೇಲೆ. ಹಳೆ ಕಾಲದ ಹಾಗೆ ಪೈಪಿನ ನಟ್ ಸಡಿಲಿಸಿ ಪರೀಕ್ಷಿಸುವುದು ಕಾಮನ್ ರೈಲಿನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಅಧಿಕ ಒತ್ತಡದ ಪೈಪಿರುವ ಈಗಿನ ಡೀಸೆಲ್ ವ್ಯವಸ್ಥೆಯಲ್ಲಿ) ಖಂಡಿತ ಬೇಡ. ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳನುಗ್ಗುತ್ತದೆ. ಸ್ಕ್ಯಾನರಿನಲ್ಲೇ ಒಂದೊಂದು ಸಿಲಿಂಡರ್ ಬಂದ್ ಮಾಡಿಸಿ, ಯಾವುದರಲ್ಲಿ ಸದ್ದು ನಿಲ್ಲುತ್ತದೋ ಆ ಇಂಜೆಕ್ಟರನ್ನು ಬಿಚ್ಚಿಸಿ ಪರೀಕ್ಷಾ ಬೆಂಚಿಗೆ ಹಾಕಿಸಿ. ಹೊಸದು ಕೂರಿಸಿದರೆ ಅದರ ತಲೆಯ ಮೇಲಿನ ಕೋಡನ್ನು ಇಸಿಯುಗೆ ಬರೆಸಿದ್ದಾರೋ ಎಂದು ಕೇಳಿ. ಬರೆಸದಿದ್ದರೆ ಹೊಸ ಇಂಜೆಕ್ಟರಿನಲ್ಲೂ ಅದೇ ಕಟಕಟ ಉಳಿದೀತು.